ಒಂದು ತಾಸಿನ ದಾರಿ ಎಂಬ ಸುಳ್ಳು

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಎಂದರೆ ಭೂಗೋಳದ ಮೇಲೆ ಅವನ್ನು ಸೇರಿಸುವ ಅತಿ ಚಿಕ್ಕ ಗೆರೆಯ ಉದ್ದ. ಎರಡೂ ಕಡೆಯ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ತ್ರಿಕೋನಮಿತಿಯ ಒಂದು ಸೂತ್ರದಲ್ಲಿ ಅದು ಸಿಗುತ್ತದೆ. ಹಾರಾಟದ ಸಮಯ ಆ ದೂರದಿಂದಲೇ ಹುಟ್ಟುವ ಎರಡನೆಯ ಅಂಕಿ. ದೂರವನ್ನು ವಿಮಾನದ ವೇಗದಿಂದ ಭಾಗಿಸಿ, ಏರಲು ಇಳಿಯಲು ಅರ್ಧ ತಾಸು ಕೂಡಿಸುವುದು ವಾಡಿಕೆ. ಬೀದರ್ ವಿಮಾನ ನಿಲ್ದಾಣದಿಂದ ಶಿವಮೊಗ್ಗದ ಸೋಗಾನೆಯ ನಿಲ್ದಾಣಕ್ಕೆ ಈ ಗೆರೆಯ ಉದ್ದ ಸುಮಾರು 493 ಕಿ.ಮೀ. ತಾಸಿಗೆ 800 ಕಿ.ಮೀ. ವೇಗ ಹಿಡಿದರೆ ಒಂದು ತಾಸು ಏಳು ನಿಮಿಷದ ಹಾರಾಟ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ಎರಡು ಊರುಗಳ ನಡುವೆ ನೇರ ವಿಮಾನವೇ ಇಲ್ಲ. ಒಂದು ತಾಸು ಏಳು ನಿಮಿಷದಲ್ಲಿ ಬೀದರಿನಿಂದ ಶಿವಮೊಗ್ಗ ಮುಟ್ಟಲು ಯಾರಿಗೂ ಸಾಧ್ಯವಿಲ್ಲ.

ಆದರೂ ದೂರದ ಜಿಲ್ಲೆಗಳ ವಿಮಾನಯಾನದ ಬಗ್ಗೆ ಆಡುವ ಮಾತೆಲ್ಲ ಈ ಎರಡು ಅಂಕಿಗಳ ಮೇಲೇ ನಿಂತಿದೆ. ನಿಲ್ದಾಣ ಬಂದರೆ ಊರು ರಾಜಧಾನಿಗೆ ಒಂದು ತಾಸಿನಷ್ಟು ಹತ್ತಿರವಾಯಿತು ಎಂಬ ನಂಬಿಕೆ ಉದ್ಘಾಟನೆಯ ಭಾಷಣದಿಂದ ಪತ್ರಿಕೆಯ ತಲೆಬರಹಕ್ಕೆ, ಅಲ್ಲಿಂದ ಲೇಔಟ್ ಮಾರುವವರ ಜಾಹೀರಾತಿಗೆ ಇಳಿದು, ಪ್ರಶ್ನೆಯೇ ಬೇಡದ ಸತ್ಯದಂತೆ ಕೂತುಬಿಟ್ಟಿದೆ. ಈ ನಂಬಿಕೆ ತಪ್ಪು, ಹಾನಿಕರವೂ ಹೌದು. ಸಾರ್ವಜನಿಕರ ಹಣ ಎಲ್ಲಿಗೆ ಹೋಗಬೇಕು, ಯಾವ ಜಿಲ್ಲೆಯ ಕೊರತೆ ನೀಗಿತು, ಯಾವ ರೈಲು ಇನ್ನೂ ಕಾಯಬಹುದು ಎಂಬ ತೀರ್ಮಾನಗಳು ಇದರ ನೆರಳಲ್ಲೇ ಆಗುತ್ತಿವೆ.

ಮೊದಲ ಆಕ್ಷೇಪ ಗೆರೆಯ ಮೇಲೇ. ಬೀದರ್–ಶಿವಮೊಗ್ಗ ಗೆರೆಯನ್ನು ನಕಾಶೆಯ ಮೇಲೆ ಎಳೆದರೆ ಅದು ಚಿತ್ತಾಪುರದ ಹತ್ತಿರ ಹಾದು, ಭೀಮೆಯನ್ನು ದಾಟಿ, ಶಹಾಪುರದ ಮಗ್ಗುಲಿನಿಂದ ಕೃಷ್ಣೆಯನ್ನು ದಾಟಿ, ತುಂಗಭದ್ರಾ ಜಲಾಶಯದ ಮೇಲೆ ಸಾಗಿ, ಹರಪನಹಳ್ಳಿ, ದಾವಣಗೆರೆಗಳ ಆಸುಪಾಸಿನಲ್ಲಿ ಇಳಿಯುತ್ತದೆ. ಉತ್ತರದ ತುದಿಯಿಂದ ಮಲೆನಾಡಿನ ಸೆರಗಿನವರೆಗೆ ಅರ್ಧ ರಾಜ್ಯವೇ ಆ ಗೆರೆಯ ಕೆಳಗಿದೆ. ಅಲ್ಲಿನ ಯಾವ ಊರಿನವರಿಗೂ ಅದರಿಂದ ಉಪಯೋಗವಿಲ್ಲ. ತುದಿಯ ಎರಡು ನಿಲ್ದಾಣಗಳಿಗೂ ಉಪಯೋಗವಿಲ್ಲ. ಬೀದರಿನಿಂದ ಶಿವಮೊಗ್ಗಕ್ಕೆ ವಿಮಾನದಲ್ಲೇ ಹೋಗಬೇಕೆಂದರೆ ಬೆಂಗಳೂರಿಗೆ ಬಂದು ತಿರುಗಬೇಕು. ಬೀದರ್–ಬೆಂಗಳೂರು ಸುಮಾರು 524 ಕಿ.ಮೀ., ಬೆಂಗಳೂರು–ಶಿವಮೊಗ್ಗ ಸುಮಾರು 238 ಕಿ.ಮೀ. ಕೂಡಿದರೆ 762. ಆಕಾಶದಲ್ಲೇ 269 ಕಿ.ಮೀ. ಸುತ್ತು. ರಸ್ತೆಯ ದಾರಿ 600 ಕಿ.ಮೀ. ಆಸುಪಾಸು, ಅಂದರೆ ವಿಮಾನದ ದಾರಿ ನೆಲದ ದಾರಿಗಿಂತಲೂ ಉದ್ದ. ಹೀಗಿದ್ದ ಮೇಲೆ 493 ಎಂಬ ಅಂಕಿ ಯಾವ ಪ್ರಯಾಣಿಕನ ದೂರ?

ಈ ಎರಡು ಊರುಗಳ ನಡುವೆ ಓಡಾಡುವವರು ಯಾರಿದ್ದಾರೆ ಎಂದು ಕೇಳುವವರಿಗೆ ಉತ್ತರ ದೂರದಲ್ಲಿಲ್ಲ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ಬೀದರಿನಲ್ಲಿ. ಅದರ ಪಶುವೈದ್ಯಕೀಯ ಕಾಲೇಜುಗಳಲ್ಲೊಂದು ಶಿವಮೊಗ್ಗದಲ್ಲಿದೆ, ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲಿದೆ. ಪರೀಕ್ಷೆ, ನೇಮಕ, ಸಭೆ, ಅಂಕಪಟ್ಟಿ, ಎಲ್ಲಕ್ಕೂ ಈ ಊರುಗಳ ನಡುವೆ ಜನ ಓಡಾಡಲೇಬೇಕು. ಕಲ್ಯಾಣ ಕರ್ನಾಟಕದಿಂದ ಮಲೆನಾಡಿಗೆ, ಮಲೆನಾಡಿನಿಂದ ಬೀದರಿಗೆ ವರ್ಗವಾಗಿ ಹೋದ ಶಿಕ್ಷಕರು, ಪೊಲೀಸರು, ಎಂಜಿನಿಯರುಗಳು ಇದ್ದಾರೆ. ಅವರೆಲ್ಲ ಬಸ್ಸು, ರೈಲು ಹಿಡಿದು ರಾತ್ರಿ ಕಳೆಯುತ್ತಾರೆ. ವಿಮಾನದ ಬೇಡಿಕೆ ಇಲ್ಲ ಎಂದು ಹೇಳುವವರು ಎಣಿಸುವುದು ವಿಮಾನ ಹತ್ತಿದವರನ್ನು ಮಾತ್ರ. ಇಲ್ಲದ ವಿಮಾನವನ್ನು ಹತ್ತುವವರು ಯಾರೂ ಇರುವುದಿಲ್ಲವಾದ್ದರಿಂದ ಆ ಎಣಿಕೆ ಎಂದೂ ಸೊನ್ನೆಯೇ.

ಎರಡನೆಯ ಆಕ್ಷೇಪ ಸಮಯದ ಮೇಲೆ. ಕನ್ನಡದ ಜನ ದೂರವನ್ನು ಹೊತ್ತಿನಲ್ಲಿ ಅಳೆದವರು. ಕೂಗಳತೆಯ ಹೊಲ, ಒಂದು ಹಗಲಿನ ದಾರಿ, ಬುತ್ತಿ ಕಟ್ಟಿಕೊಂಡು ಹೊರಡುವ ಊರು ಎಂಬ ಮಾತುಗಳಲ್ಲಿ ಮನೆಯ ಹೊಸ್ತಿಲಿನಿಂದ ಆಚೆ ಮನೆಯ ಹೊಸ್ತಿಲಿನವರೆಗಿನ ಹೊತ್ತು ಅಡಗಿದೆ. ಹಾರಾಟದ ಸಮಯ ಎಂಬ ಅಂಕಿ ಈ ಹೊತ್ತಿನ ನಡುವಿನ ಒಂದು ತುಂಡನ್ನು ಕತ್ತರಿಸಿ ಅದನ್ನೇ ಪೂರ್ತಿ ಎನ್ನುತ್ತದೆ. ಗಾಲಿ ನೆಲ ಬಿಟ್ಟದ್ದರಿಂದ ನೆಲ ಮುಟ್ಟುವವರೆಗಿನ ಸಮಯ ಒಂದು. ವಿಮಾನ ನಿಂತ ಜಾಗದಿಂದ ಹೊರಟು ಇನ್ನೊಂದೆಡೆ ಬಂದು ನಿಲ್ಲುವವರೆಗಿನದು ಇನ್ನೊಂದು. ವೇಳಾಪಟ್ಟಿಯಲ್ಲಿ ಇರುವುದು ಇದೇ, ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಪ್ರಯಾಣಿಕನ ಸಮಯ ಮೂರನೆಯದು, ಅದನ್ನು ಯಾರೂ ಅಚ್ಚು ಹಾಕುವುದಿಲ್ಲ. 800 ಕಿ.ಮೀ. ವೇಗ ಎಂಬುದೂ ಜೆಟ್ ವಿಮಾನದ ವೇಗ. ಸಣ್ಣ ನಿಲ್ದಾಣಗಳ ನಡುವೆ ಹೆಚ್ಚಾಗಿ ಹಾರುವ ಎಟಿಆರ್ 72ರ ವೇಗ ತಾಸಿಗೆ 500 ಕಿ.ಮೀ. ಸುತ್ತಮುತ್ತ. ಅದರಲ್ಲಿ 493 ಕಿ.ಮೀ.ಗೆ ಹಾರಾಟವೇ ಒಂದು ತಾಸು, ಏರುವುದು ಇಳಿಯುವುದು ಬೇರೆ.

ಶಿವಮೊಗ್ಗ–ಬೆಂಗಳೂರು ದಾರಿಯನ್ನೇ ನೋಡಬಹುದು. ವಿಮಾನದಲ್ಲಿ ಒಂದು ತಾಸು. ಅದಕ್ಕೆ ಮುಂಚೆ ಮನೆಯಿಂದ ಸೋಗಾನೆಗೆ ಹೋಗಬೇಕು, ಹೊರಡುವ ವೇಳೆಗಿಂತ ಒಂದೂವರೆ ತಾಸು ಮೊದಲೇ ಅಲ್ಲಿರಬೇಕು. ದೇವನಹಳ್ಳಿಯಲ್ಲಿ ಇಳಿದ ಮೇಲೆ ಚೀಲಕ್ಕೆ ಕಾದು, ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಮೂವತ್ತು ನಲವತ್ತು ಕಿಲೋಮೀಟರ್ ಸಾಗಬೇಕು. ನಗರದೊಳಗಿನ ಕಚೇರಿಯ ಬಾಗಿಲಿಗೆ ಬರುವಷ್ಟರಲ್ಲಿ ನಾಲ್ಕೂವರೆ ಐದು ತಾಸು ಕಳೆದಿರುತ್ತದೆ. ಜನಶತಾಬ್ದಿ ರೈಲು ಶಿವಮೊಗ್ಗದಿಂದ ಬೆಂಗಳೂರಿಗೆ ತೆಗೆದುಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಬೆಂಗಳೂರಿನಿಂದ ದಿಲ್ಲಿಗೋ ದುಬೈಗೋ ಮುಂದಿನ ವಿಮಾನ ಹಿಡಿಯುವವರಿಗೆ ಸೋಗಾನೆಯ ಸೌಕರ್ಯ ನಿಜಕ್ಕೂ ದೊಡ್ಡದು. ಅದನ್ನು ಅಷ್ಟೇ ಎಂದು ಹೇಳುವ ಪ್ರಾಮಾಣಿಕತೆ ಏಕಿಲ್ಲ? ಇಡೀ ಜಿಲ್ಲೆಯೇ ರಾಜಧಾನಿಗೆ ಒಂದು ತಾಸಿನ ದೂರಕ್ಕೆ ಬಂತು ಎಂದು ಸಾರಿದಾಗ ಮೋಸ ಹೋಗುವವರು ತೀರ್ಥಹಳ್ಳಿಯ, ಹೊಸನಗರದ ಜನ. ಅವರಿಗೆ ವಿಮಾನ ನಿಲ್ದಾಣವೇ ಒಂದೂವರೆ ತಾಸಿನಾಚೆ ಇದೆ.

ಮೂರನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಪ್ರಯಾಣದ ಸಮಯದಲ್ಲಿ ಕಾಯುವ ಸಮಯವೂ ಸೇರಿದೆ. ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ ಮಾತ್ರ ವಿಮಾನವಿದೆ ಎಂದುಕೊಂಡರೆ, ಶುಕ್ರವಾರದ ವಿಮಾನ ಹೋದ ಮೇಲೆ ತುರ್ತು ಬಿದ್ದವನು ಸೋಮವಾರದವರೆಗೆ ಮೂರು ದಿನ ಕಾಯಬೇಕು. ಅವನ ಪಾಲಿಗೆ ಅದು ಎಪ್ಪತ್ತಮೂರು ತಾಸಿನ ಪ್ರಯಾಣ. ಮಾತು ಕೊಟ್ಟಂತೆ ಬರುವ ಹತ್ತು ತಾಸಿನ ಬಸ್ಸು, ಬಂದರೆ ಬಂತು ಎನ್ನುವಂಥ ಒಂದು ತಾಸಿನ ವಿಮಾನಕ್ಕಿಂತ ವೇಗದ್ದು. ರಾತ್ರಿ ಬಸ್ಸಿನಲ್ಲಿ ಕಳೆದ ತಾಸುಗಳು ನಿದ್ದೆಯ ತಾಸುಗಳು, ದುಡಿಮೆಯ ಹಗಲು ಉಳಿಯುತ್ತದೆ. ಮಧ್ಯಾಹ್ನದ ವಿಮಾನ ಆ ಇಡೀ ಹಗಲನ್ನು ನುಂಗುತ್ತದೆ. ಮುಂಗಾರಿನಲ್ಲಿ ಮೋಡ ತಗ್ಗಿ, ರನ್‌ವೇ ಕಾಣದೆ ವಿಮಾನ ಬೇರೆಡೆಗೆ ತಿರುಗಿದರೆ ಮರುದಿನದ ಹಗಲೂ ಹೋಗುತ್ತದೆ.

ಬಂದರೆ ಬಂತು ಎನ್ನುವುದು ಉತ್ಪ್ರೇಕ್ಷೆಯಲ್ಲ. ಪ್ರಾದೇಶಿಕ ವಿಮಾನಯಾನದ ಉಡಾನ್ ಯೋಜನೆ ಪ್ರಕಟವಾದದ್ದು 2016ರ ಅಕ್ಟೋಬರಿನಲ್ಲಿ; ಮೊದಲ ವಿಮಾನ ಶಿಮ್ಲಾದಿಂದ ದಿಲ್ಲಿಗೆ ಹಾರಿದ್ದು 2017ರ ಏಪ್ರಿಲ್ 27ರಂದು. ಆಗ ಸುಮಾರು ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿ ಮಿತಿ, ವಿಮಾನದ ಒಂದಷ್ಟು ಆಸನಗಳಿಗೆ ಮಾತ್ರ. ನಷ್ಟ ತುಂಬಿಕೊಡಲು ಮೂರು ವರ್ಷದ ಸಹಾಯಧನ. ಮಹಾಲೇಖಪಾಲರು 2023ರ ವರದಿಯಲ್ಲಿ ಈ ಯೋಜನೆಯ ಮೂರನೆಯ ಸುತ್ತಿನವರೆಗಿನ ಲೆಕ್ಕ ಬಿಚ್ಚಿಟ್ಟರು. ಹಂಚಿಕೆಯಾದ ಮಾರ್ಗಗಳು 774. ಅವುಗಳಲ್ಲಿ 403 ಶುರುವಾಗಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ನಿಂತ ಮೇಲೂ 2023ರ ಮಾರ್ಚಿನಲ್ಲಿ ಉಳಿದಿದ್ದವು 54, ಅಂದರೆ ನೂರಕ್ಕೆ ಏಳು. ಆ 774 ಮಾರ್ಗಗಳಿಗೂ ಒಂದೊಂದು ದೂರ, ಒಂದೊಂದು ಹಾರಾಟದ ಸಮಯ ಇತ್ತು. ಬಹುಪಾಲು ಮಾರ್ಗಗಳಿಗೆ ಕೊನೆಗೆ ಉಳಿದದ್ದು ಆ ಅಂಕಿಗಳೇ ಹೊರತು ವಿಮಾನವಲ್ಲ.

ಬೀದರಿನ ಅನುಭವ ಇದರ ಕೈಗನ್ನಡಿ. ವಾಯುಪಡೆಯ ನೆಲೆಯ ರನ್‌ವೇ ಬಳಸಿ 2020ರ ಫೆಬ್ರುವರಿ 7ರಂದು ಬೆಂಗಳೂರಿಗೆ ಟ್ರೂಜೆಟ್ ವಿಮಾನ ಹಾರಿತು. 2022ರ ಆರಂಭದಲ್ಲಿ ಆ ಸಂಸ್ಥೆಯೇ ಹಾರಾಟ ನಿಲ್ಲಿಸಿತು. ಅದೇ ವರ್ಷ ಸ್ಟಾರ್ ಏರ್ ಬಂತು, ಮುಂದೆ ಅದರ ಸೇವೆಯೂ ತಿಂಗಳುಗಟ್ಟಲೆ ಕಡಿದು, ಮತ್ತೆ ಶುರುವಾಯಿತು. ಈ ನಡುವೆ ಬೀದರ್–ಬೆಂಗಳೂರು ಗೆರೆ ಒಂದು ಗೇಣೂ ಉದ್ದವಾಗಲಿಲ್ಲ, ಸೂತ್ರ ಕೊಡುವ ಹಾರಾಟದ ಸಮಯ ಒಂದು ನಿಮಿಷವೂ ಬದಲಾಗಲಿಲ್ಲ. ವಿಮಾನ ಇದ್ದ ದಿನವೂ ಇಲ್ಲದ ದಿನವೂ ಒಂದೇ ಉತ್ತರ ಕೊಡುವ ಅಳತೆಗೋಲನ್ನು ಆಡಳಿತ ಇನ್ನೂ ಕೈಯಲ್ಲಿ ಹಿಡಿದುಕೊಂಡಿರುವುದೇಕೆ?

ಅದು ಅನುಕೂಲಕರ ಎಂಬುದೇ ಕಾರಣ. ಈ ಅಳತೆಯಲ್ಲಿ ಕಟ್ಟಡ ಎದ್ದರೆ ಕೆಲಸ ಮುಗಿದಂತೆ. ಶಿವಮೊಗ್ಗ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಯಿತು. ವೆಚ್ಚ ಸುಮಾರು 450 ಕೋಟಿ ರೂಪಾಯಿ, ರನ್‌ವೇ 3.2 ಕಿ.ಮೀ., ಟರ್ಮಿನಲ್ ಕಮಲದ ಆಕಾರದ್ದು. ಮೊದಲ ಪ್ರಯಾಣಿಕ ವಿಮಾನ ಬಂದದ್ದು ಆಗಸ್ಟ್ 31ರಂದು, ಆರು ತಿಂಗಳ ಮೇಲೆ. ಬಂದದ್ದು ಎಟಿಆರ್, ಅದಕ್ಕೆ ಒಂದೂವರೆ ಕಿ.ಮೀ. ರನ್‌ವೇ ಧಾರಾಳವಾಗಿ ಸಾಕು. ಮೋಡದಲ್ಲೂ ಇಳಿಯಲು ದಾರಿ ತೋರುವ ಉಪಕರಣ, ಕತ್ತಲಲ್ಲಿ ಇಳಿಯುವ ವ್ಯವಸ್ಥೆ ಇವೇ ಮಲೆನಾಡಿನ ಅಂಚಿನ ನಿಲ್ದಾಣಕ್ಕೆ ಮೊದಲು ಬೇಕಿದ್ದವು. ಆ ನಿಲ್ದಾಣ ರಾತ್ರಿ ಇಳಿಯುವ ಸೌಲಭ್ಯವಿಲ್ಲದೆಯೇ ಬಾಗಿಲು ತೆರೆಯಿತು. ಉದ್ದದ ರನ್‌ವೇ ಫೋಟೊದಲ್ಲಿ ಕಾಣುತ್ತದೆ, ರದ್ದಾಗದ ವಿಮಾನ ಕಾಣುವುದಿಲ್ಲ. ಹಾರಾಟದ ಸಮಯವನ್ನೇ ಗುರಿಯಾಗಿ ಹಿಡಿದವರು ಹಣ ಸುರಿಯುವುದು ಕಾಣುವುದರ ಮೇಲೆ.

ಕಾನೂನಿನ ಮಟ್ಟದಲ್ಲೂ ಈ ಗೆರೆ ಪೆಟ್ಟು ಕೊಟ್ಟಿದೆ. ಇರುವ ವಿಮಾನ ನಿಲ್ದಾಣದಿಂದ 150 ಕಿ.ಮೀ. ವೈಮಾನಿಕ ದೂರದೊಳಗೆ ಇನ್ನೊಂದು ನಿಲ್ದಾಣ ಬರುವುದಕ್ಕೆ ಹಲವು ನಿರ್ಬಂಧಗಳಿವೆ. ಹೈದರಾಬಾದಿನ ಶಂಷಾಬಾದ್ ನಿಲ್ದಾಣದಿಂದ ಬೀದರಿಗೆ ಗೆರೆಯ ದೂರ ಸುಮಾರು 125 ಕಿ.ಮೀ. ಆ ಒಂದು ಅಂಕಿ ಮುಂದಿಟ್ಟುಕೊಂಡು ಬೀದರಿನ ನಾಗರಿಕ ವಿಮಾನಯಾನ ವರ್ಷಗಟ್ಟಲೆ ತಡೆಯಲ್ಲಿ ಬಿತ್ತು. ಬೀದರ್ ಜಿಲ್ಲೆಯ ಔರಾದಿನವರೋ ಭಾಲ್ಕಿಯವರೋ ಶಂಷಾಬಾದಿಗೆ ಹೋಗಲು ರಾಜ್ಯದ ಗಡಿ ದಾಟಿ, ಹೈದರಾಬಾದಿನ ಹೊರವಲಯ ಸುತ್ತಿ ಎಷ್ಟು ತಾಸು ಕಳೆಯುತ್ತಾರೆ ಎಂಬುದನ್ನು ಕೇಳುವ ಜಾಗವೇ ಆ ಷರತ್ತಿನಲ್ಲಿಲ್ಲ. ಗೆರೆಯ ದೂರ ಇಲ್ಲಿ ದೊಡ್ಡ ನಿಲ್ದಾಣದ ವ್ಯಾಪಾರವನ್ನು ಕಾಯುವ ಬೇಲಿಯಾಯಿತು. ಜನರ ದೂರ ಆ ಬೇಲಿಯಾಚೆಯೇ ಉಳಿಯಿತು.

ಇದೇ ಬೇಲಿ ಇನ್ನೊಂದು ಕಡೆ ಇರಲೇ ಇಲ್ಲ. ಕಲಬುರಗಿ ನಿಲ್ದಾಣ ಶುರುವಾದದ್ದು 2019ರ ನವೆಂಬರ್ 22ರಂದು. ಸರಿಯಾಗಿ ಹನ್ನೊಂದು ವಾರಗಳ ನಂತರ ಬೀದರಿನದು. ಇವೆರಡರ ನಡುವಿನ ಗೆರೆ ಸುಮಾರು 87 ಕಿ.ಮೀ. ಎರಡರಿಂದಲೂ ಮೊದಲು ಹಾರಿದ್ದು ಬೆಂಗಳೂರಿಗೇ, ಇದ್ದ ಅಷ್ಟಿಷ್ಟು ಪ್ರಯಾಣಿಕರು ಎರಡು ಪಾಲಾದರು. ಬೀದರ್–ಕಲಬುರಗಿ ನಡುವೆ 110 ಕಿ.ಮೀ. ರೈಲುಮಾರ್ಗ 2017ರ ಅಕ್ಟೋಬರ್ 29ರಂದೇ ಉದ್ಘಾಟನೆಯಾಗಿತ್ತು. ಒಂದೇ ನಿಲ್ದಾಣದಿಂದ ದಿನಕ್ಕೆ ಮೂರು ನಂಬಿಕಸ್ತ ವಿಮಾನ, ಅವುಗಳ ವೇಳೆಗೆ ಹೊಂದುವ ರೈಲು ಮತ್ತು ಬಸ್ಸು ಎಂದು ಯೋಚಿಸಿದ್ದರೆ ಎರಡೂ ಜಿಲ್ಲೆಗಳಿಗೆ ಹೆಚ್ಚು ಲಾಭವಿತ್ತು. ಹಾಗೆ ಯೋಚಿಸಲು ರೈಲು, ಬಸ್ಸು, ವಿಮಾನ ಮೂರನ್ನೂ ಒಂದೇ ಹೊತ್ತಿನ ಲೆಕ್ಕದಲ್ಲಿ ಕೂಡಿಸಬೇಕು. ಹಾರಾಟದ ಸಮಯ ಎಂಬ ಅಂಕಿ ಆ ಲೆಕ್ಕವನ್ನು ಶುರು ಮಾಡಲೂ ಬಿಡುವುದಿಲ್ಲ.

ದೂರವನ್ನು ಸರಿಯಾಗಿ ಅಳೆಯುವುದು ಕರ್ನಾಟಕಕ್ಕೆ ಹೊಸತಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಪ್ರಾದೇಶಿಕ ಅಸಮಾನತೆಯನ್ನು ಅಳೆದಾಗ ಜಿಲ್ಲೆಯ ಸರಾಸರಿಗೆ ತೃಪ್ತಿಪಡಲಿಲ್ಲ, ತಾಲ್ಲೂಕಿಗೆ ಇಳಿಯಿತು. 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಗುಲ್ಬರ್ಗ (ಇಂದಿನ ಕಲಬುರಗಿ) ವಿಭಾಗದವು ಎಂದು ಹೇಳಲು ಸಾಧ್ಯವಾದದ್ದು ಅದರಿಂದಲೇ. ಹೈಕೋರ್ಟಿನ ಕಲಾಪ ಕಲಬುರಗಿಯಲ್ಲಿ ಮತ್ತು ಧಾರವಾಡದಲ್ಲಿ 2008ರಲ್ಲಿ ಶುರುವಾದಾಗ ಕಕ್ಷಿದಾರರ ದೂರ ನಿಜವಾಗಿ ಕಡಿಮೆಯಾಯಿತು. ಅದಕ್ಕೆ ಯಾವ ವಿಮಾನವೂ ಬೇಕಾಗಲಿಲ್ಲ. ಇಷ್ಟು ವಿವೇಕ ತೋರಿದ ರಾಜ್ಯ ವಿಮಾನದ ಮಾತು ಬಂದಾಗ ಜಿಲ್ಲೆಗೊಂದು ಚುಕ್ಕೆ ಇಟ್ಟು, ಎಲ್ಲ ಚುಕ್ಕೆಗಳಿಂದ ಬೆಂಗಳೂರಿಗೆ ಗೆರೆ ಎಳೆದು ಕೈತೊಳೆದುಕೊಳ್ಳುವುದು ಹೇಗೆ ಸರಿ? ಆ ನಕಾಶೆಯಲ್ಲಿ ಬೀದರಿಗೆ ಮಂಗಳೂರು ಇಲ್ಲ, ಶಿವಮೊಗ್ಗಕ್ಕೆ ಕಲಬುರಗಿ ಇಲ್ಲ. ಒಂದೇ ನಾಡಿನ ಎರಡು ಅಂಚುಗಳು ರಾಜಧಾನಿಯ ಮೂಲಕವಲ್ಲದೆ ಒಂದನ್ನೊಂದು ಮುಟ್ಟುವಂತಿಲ್ಲ.

ಸಣ್ಣ ನಿಲ್ದಾಣಗಳು ನಷ್ಟದವು, ಮೊದಲು ನಿಲ್ದಾಣ ಬರಲಿ, ಸೇವೆ ತಾನಾಗಿ ಬೆಳೆಯುತ್ತದೆ ಎಂಬುದು ಈ ನಂಬಿಕೆಯ ಕಡೆಯವರ ಕೊನೆಯ ವಾದ. 774ರಲ್ಲಿ 54 ಎಂಬ ಫಲಿತಾಂಶವೇ ಅದಕ್ಕೆ ಉತ್ತರ. ಹೊರಗಿನ ಅನುಭವವೂ ಬೇರೆಯದನ್ನೇ ಹೇಳುತ್ತದೆ. ನಾರ್ವೆ 1968ರಲ್ಲಿ ಹೆಲ್ಗೆಲಾಂಡ್ ಕರಾವಳಿಯ ಕಡೆ ಬ್ರೊನೊಯ್‌ಸುಂಡ್, ಸಾಂಡ್ನೆಸ್‌ಶೋಯೆನ್ ಮೊದಲಾದ ನಾಲ್ಕು ಪುಟ್ಟ ನಿಲ್ದಾಣಗಳಿಂದ ಶುರು ಮಾಡಿತು. ರನ್‌ವೇ ಉದ್ದ 800 ಮೀಟರ್. ಉದ್ದದ ರನ್‌ವೇಗೆ ಕಾಯದೆ, ಅಷ್ಟರಲ್ಲೇ ಏರಿ ಇಳಿಯಬಲ್ಲ ವಿಮಾನಗಳನ್ನು ಆರಿಸಿಕೊಂಡರು. ಇಂದಿಗೂ ಅಲ್ಲಿನ ಸರ್ಕಾರ ಇಂಥ ಮಾರ್ಗಗಳಿಗೆ ಟೆಂಡರ್ ಕರೆಯುವಾಗ ದಿನಕ್ಕೆ ಕನಿಷ್ಠ ಎಷ್ಟು ವಿಮಾನ, ಎಷ್ಟು ಆಸನ, ಗರಿಷ್ಠ ದರ ಎಷ್ಟು ಎಂದು ಗೊತ್ತುಮಾಡುತ್ತದೆ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೆಯಿಂದ ಪಾಪಾ ವೆಸ್ಟ್ರೆಗೆ 2.7 ಕಿ.ಮೀ. ದೂರ, ವೇಳಾಪಟ್ಟಿಯಲ್ಲಿ ಎರಡು ನಿಮಿಷದ ಹಾರಾಟ, 1967ರಿಂದ ನಡೆದಿದೆ. ಎಂಟು ಆಸನದ ಆ ವಿಮಾನ ಉಳಿದಿರುವುದು ದೂರದ ಕಾರಣಕ್ಕಲ್ಲ. ಶಿಕ್ಷಕರು, ವೈದ್ಯರು, ರೋಗಿಗಳು ಅದರ ವೇಳೆಯನ್ನು ನಂಬಿ ದಿನ ಕಳೆಯುತ್ತಾರೆ ಎಂಬ ಕಾರಣಕ್ಕೆ. ಐರೋಪ್ಯ ಒಕ್ಕೂಟದ 2008ರ ನಿಯಮ ಇನ್ನೂ ಮುಂದೆ ಹೋಗುತ್ತದೆ. ಒಂದು ಮಾರ್ಗಕ್ಕೆ ಸಾರ್ವಜನಿಕ ಸೇವೆಯ ಹೊಣೆ ಹೊರಿಸುವ ಮೊದಲು ಬೇರೆ ಸಾರಿಗೆ ಸಾಲದೇ ಎಂದು ನೋಡಬೇಕು, ಮೂರು ತಾಸಿನೊಳಗಿನ ರೈಲು ಸರಿಯಾದ ವೇಳೆಗೆ ಸಾಕಷ್ಟು ಸಲ ಓಡುತ್ತಿದೆಯೇ ಎಂದು ಪರಿಶೀಲಿಸಬೇಕು ಎನ್ನುತ್ತದೆ. ಅಲ್ಲಿ ಪ್ರಶ್ನೆ ಜನರ ಹೊತ್ತಿನಿಂದ ಶುರುವಾಗುತ್ತದೆ.

ಇಲ್ಲೂ ಹಾಗೇ ಆಗಬೇಕು, ತಡಮಾಡದೆ ಆಗಬೇಕು. ಉಡಾನ್ ಯೋಜನೆಯನ್ನು ಇನ್ನೂ ಹತ್ತು ವರ್ಷ ಮುಂದುವರಿಸಿ 120 ಹೊಸ ಸ್ಥಳಗಳನ್ನು ಸೇರಿಸುವುದಾಗಿ 2025ರ ಕೇಂದ್ರ ಬಜೆಟ್ ಹೇಳಿದೆ. ಹಳೆಯ ಅಳತೆಗೋಲಿನಲ್ಲೇ ಅವನ್ನೂ ಅಳೆದರೆ ಇನ್ನೂ ನೂರಾರು ಗೆರೆಗಳು ಸೇರುತ್ತವೆ, ಹಾರುವ ವಿಮಾನಗಳು ಬೆರಳೆಣಿಕೆಯಷ್ಟಿರುತ್ತವೆ. ಸಹಾಯಧನ ಈಗ ದೂರದ ಹಂತಕ್ಕೆ ತಕ್ಕಂತೆ ಲೆಕ್ಕವಾಗುತ್ತದೆ. ಅದು ವೇಳೆಗೆ ಸರಿಯಾಗಿ ಹಾರಿದ ದಿನಗಳಿಗೆ ತಕ್ಕಂತೆ ಲೆಕ್ಕವಾಗಬೇಕು. ಮೂರು ವರ್ಷಕ್ಕೆ ಕೈಬಿಡುವ ಬದಲು, ಮೂರನೆಯ ವರ್ಷ ರೈಲು, ಬಸ್ಸುಗಳ ಜೊತೆ ಹೋಲಿಸಿ, ವಿಮಾನವೇ ಬೇಕೆಂದಾದ ಕಡೆ ಅದನ್ನು ನೀರು, ವಿದ್ಯುತ್ತಿನಂತೆ ಸೇವೆಯೆಂದು ನಡೆಸಬೇಕು, ಬೇಡವೆಂದಾದ ಕಡೆ ಆ ಹಣವನ್ನು ರೈಲಿಗೆ ಕೊಡಬೇಕು. ರನ್‌ವೇ ಉದ್ದ ಮಾಡುವ ಮೊದಲು ಮೋಡದಲ್ಲೂ ಕತ್ತಲಲ್ಲೂ ಇಳಿಸುವ ಉಪಕರಣ ಬರಬೇಕು. ವಿಮಾನ ಇಳಿದ ಹೊತ್ತಿಗೆ ತಾಲ್ಲೂಕು ಕೇಂದ್ರಗಳಿಗೆ ಹೊರಡುವ ಸಾರಿಗೆ ನಿಗಮದ ಬಸ್ಸು ನಿಲ್ದಾಣದ ಬಾಗಿಲಲ್ಲಿ ಕಾದಿರಬೇಕು, ವಿಮಾನ ತಡವಾದರೆ ಬಸ್ಸೂ ಕಾಯಬೇಕು. ಬೆಂಗಳೂರಿನಲ್ಲಿ ಇಳಿದು ಬೇರೆ ಸಂಸ್ಥೆಯ ವಿಮಾನ ಹತ್ತುವವನಿಗೂ ಒಂದೇ ಟಿಕೆಟ್ ಸಿಗಬೇಕು. ಬೇರೆ ಬೇರೆ ಟಿಕೆಟ್ ಕೊಂಡರೆ ಮೊದಲ ವಿಮಾನ ತಡವಾದಾಗ ಎರಡನೆಯದರ ಹಣ ಪ್ರಯಾಣಿಕನ ಕೈಬಿಡುತ್ತದೆ, ಇಂದಿನ ವ್ಯವಸ್ಥೆಯಲ್ಲಿ ಅದಕ್ಕೆ ಹೊಣೆ ಯಾರೂ ಇಲ್ಲ. 150 ಕಿ.ಮೀ. ಷರತ್ತನ್ನು ಪ್ರಯಾಣದ ತಾಸುಗಳ ಷರತ್ತಾಗಿ ತಿದ್ದಬೇಕು. ವಾರದಲ್ಲಿ ಎರಡು ದಿನವಾದರೂ ಬೀದರಿನಿಂದ ಹೊರಟ ವಿಮಾನ ಕಲಬುರಗಿ, ಹುಬ್ಬಳ್ಳಿಗಳಲ್ಲಿ ಇಳಿದು ಏರಿ, ಶಿವಮೊಗ್ಗ ಮುಟ್ಟಿ ಹಿಂದಿರುಗುವುದನ್ನು ಪ್ರಯೋಗಕ್ಕಾದರೂ ನಡೆಸಿ ನೋಡಬೇಕು.

ಇವೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸ ಕಾಗದದ್ದು. ಪ್ರತಿ ಮಾರ್ಗದ ಟೆಂಡರಿನ ಮೊದಲ ಪುಟದಲ್ಲಿ, ಹಾರಾಟದ ಸಮಯ ಬರೆಯುವ ಜಾಗದಲ್ಲಿ, ತಾಲ್ಲೂಕು ಕೇಂದ್ರದಿಂದ ತಾಲ್ಲೂಕು ಕೇಂದ್ರಕ್ಕೆ ಬಾಗಿಲಿನಿಂದ ಬಾಗಿಲಿಗೆ ಎಷ್ಟು ತಾಸು, ವಾರದಲ್ಲಿ ಎಷ್ಟು ದಿನ, ಅದೇ ದಿನ ಹಿಂದಿರುಗಲು ಸಾಧ್ಯವೇ, ಹಿಂದಿನ ವರ್ಷ ಎಷ್ಟು ವಿಮಾನ ರದ್ದಾದವು ಎಂಬ ನಾಲ್ಕು ಅಂಕಿಗಳು ಇರಬೇಕು. ಅವೇ ಅಂಕಿಗಳು ನಿಲ್ದಾಣದ ಬಾಗಿಲಲ್ಲೂ ಟಿಕೆಟಿನ ಮೇಲೂ ಕಾಣಬೇಕು. ಬೀದರ್–ಶಿವಮೊಗ್ಗಕ್ಕೆ 493 ಕಿ.ಮೀ. ಎಂದು ಬರೆದಲ್ಲೆಲ್ಲ, ಬೆಳಿಗ್ಗೆ ಔರಾದಿನ ಬಸ್ ನಿಲ್ದಾಣದಲ್ಲಿ ನಿಂತವರು ತೀರ್ಥಹಳ್ಳಿಯಲ್ಲಿ ಇಳಿಯುವುದು ಯಾವ ದಿನ, ಎಷ್ಟು ಗಂಟೆಗೆ ಎಂಬುದು ಅದರ ಪಕ್ಕದಲ್ಲೇ ಇರಬೇಕು.